ಕಾರಿನ ಟೈರುಗಳ ಆರೈಕೆ: ಭಾರ ಹೊರುವುದು ರಬ್ಬರಲ್ಲ, ಗಾಳಿ

ಎತ್ತಿನ ಗಾಡಿಯಲ್ಲಿ ದೂರದ ಸಂತೆಗೋ ಜಾತ್ರೆಗೋ ಹೊರಡುವ ರೈತನು ನಾಲ್ಕು ಕೆಲಸಗಳನ್ನು ತಪ್ಪದೆ ಮಾಡುತ್ತಿದ್ದನು. ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದನು. ಕಡಾಣಿ ಭದ್ರವಾಗಿದೆಯೇ ಎಂದು ನೋಡುತ್ತಿದ್ದನು. ಚಕ್ರದ ಕಬ್ಬಿಣದ ಪಟ್ಟಿ ಸಡಿಲವಾಗಿದೆಯೇ ಎಂದು ತಟ್ಟಿ ನೋಡುತ್ತಿದ್ದನು. ಎತ್ತಿನ ಕಾಲೆತ್ತಿ ಲಾಳ ಸವೆದಿದೆಯೇ ಎಂದು ಪರೀಕ್ಷಿಸುತ್ತಿದ್ದನು. ಇವು ಯಾವ ಪುಸ್ತಕದಿಂದಲೂ ಕಲಿತ ಪಾಠಗಳಲ್ಲ. ನಡುದಾರಿಯಲ್ಲಿ ಗಾಡಿ ನಿಂತರೆ ಆಗುವ ಕಷ್ಟವನ್ನು ಅನುಭವಿಸಿ ಕಲಿತವು.

ಈಗ ನಮ್ಮ ಹಳ್ಳಿಗಳಲ್ಲಿ ಎತ್ತಿನ ಗಾಡಿಗಳು ವಿರಳವಾಗಿವೆ. ತಿ. ನರಸೀಪುರ, ನಂಜನಗೂಡು ತಾಲ್ಲೂಕುಗಳ ಬಹುಪಾಲು ಊರುಗಳಲ್ಲಿ ಕಾರುಗಳು, ಸರಕು ಆಟೋಗಳು, ಟ್ರ್ಯಾಕ್ಟರುಗಳು ಮನೆಯ ಮುಂದೆ ನಿಂತಿರುವುದನ್ನು ಕಾಣಬಹುದು. ಆದರೆ ಗಾಡಿ ಬದಲಾದಂತೆ ಹೊರಡುವ ಮುನ್ನ ನೋಡುವ ಅಭ್ಯಾಸವು ನಮ್ಮಿಂದ ತಪ್ಪಿಹೋಗಿದೆ. ಕೀಲಿ ತಿರುಗಿಸಿದ ಕೂಡಲೇ ಎಂಜಿನು ಓಡಿತೆಂದರೆ ಎಲ್ಲವೂ ಸರಿಯಾಗಿದೆ ಎಂದು ಭಾವಿಸುತ್ತೇವೆ. ಗಾಡಿಯನ್ನು ನೆಲಕ್ಕೆ ಸೇರಿಸಿ ಹಿಡಿದಿರುವ ನಾಲ್ಕು ಟೈರುಗಳ ಕಡೆಗೆ ನಮ್ಮ ಗಮನ ಹೋಗುವುದು ಅವು ಕೈಕೊಟ್ಟಾಗ ಮಾತ್ರ.

ಹಳ್ಳಿಯ ಕಾರಿಗೆ ಒಂದು ವಿಶೇಷವಿದೆ. ಪಟ್ಟಣದ ಕಾರು ದಿನವೂ ಅಷ್ಟಿಷ್ಟು ಓಡುತ್ತದೆ. ನಮ್ಮ ಕಾರಾದರೋ ವಾರಗಟ್ಟಲೆ ಹುಣಸೆ ಮರದ ಕೆಳಗೋ ಬಿಸಿಲಿನಲ್ಲಿಯೋ ನಿಂತಿರುತ್ತದೆ. ಒಂದು ದಿನ ಮೈಸೂರಿನ ಆಸ್ಪತ್ರೆಗೋ, ಮಲೆ ಮಹದೇಶ್ವರ ಬೆಟ್ಟಕ್ಕೋ, ದೂರದ ಧರ್ಮಸ್ಥಳಕ್ಕೋ ಇದ್ದಕ್ಕಿದ್ದಂತೆ ಹೊರಡುತ್ತದೆ. ಆ ದಿನ ಐದು ಜನರ ಕಾರಿನಲ್ಲಿ ಏಳೆಂಟು ಜನ, ಡಿಕ್ಕಿಯಲ್ಲಿ ಅಡುಗೆ ಸಾಮಾನು, ಅಕ್ಕಿಯ ಚೀಲ. ಕಾಲವೂ ಬಹುಪಾಲು ಸುಗ್ಗಿ ಮುಗಿದ ನಂತರದ ಬೇಸಿಗೆ. ಗಾಳಿ ಇಳಿದ ಹಳೆಯ ಟೈರು, ಮಿತಿಮೀರಿದ ಭಾರ, ಕಾದ ರಸ್ತೆ, ವೇಗ ಈ ನಾಲ್ಕೂ ಒಂದೇ ದಿನ ಕೂಡುತ್ತವೆ. ಟೈರು ಒಡೆಯಲು ಬೇಕಾದದ್ದೆಲ್ಲವನ್ನೂ ನಾವೇ ಒದಗಿಸಿದಂತಾಗುತ್ತದೆ. ಆದಕಾರಣ ಟೈರಿನ ಆರೈಕೆಯು ಪಟ್ಟಣದವರಿಗಿಂತ ಹಳ್ಳಿಯವರಿಗೇ ಹೆಚ್ಚು ಅಗತ್ಯ.

ಭಾರವನ್ನು ಹೊರುವುದು ಯಾವುದು?

ಗಾಳಿ ತುಂಬಿದ ಟೈರು ಬಳಕೆಗೆ ಬಂದದ್ದು ಒಬ್ಬ ಪಶುವೈದ್ಯರಿಂದ ಎಂದರೆ ರೈತರಿಗೆ ಸಂತೋಷವಾದೀತು. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ದನಕರುಗಳ ವೈದ್ಯರಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ಎಂಬುವರು ತಮ್ಮ ಮಗನ ಮೂರು ಚಕ್ರದ ಸೈಕಲ್ಲು ಕಲ್ಲುಹಾಸಿನ ಮೇಲೆ ಕುಲುಕದಿರಲೆಂದು ಗಾಳಿ ತುಂಬಿದ ರಬ್ಬರು ಕೊಳವೆಯನ್ನು ಚಕ್ರಕ್ಕೆ ಸುತ್ತಿದರು. 1888ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದರು. ಅದಕ್ಕೂ ಮೊದಲೇ, 1845ರಲ್ಲಿ, ರಾಬರ್ಟ್ ವಿಲಿಯಂ ಥಾಮ್ಸನ್ ಎಂಬುವರು ಇಂಥದೇ ಉಪಾಯಕ್ಕೆ ಹಕ್ಕುಪತ್ರ ಪಡೆದಿದ್ದರೂ ಅದು ಆಗ ಬಳಕೆಗೆ ಬರಲಿಲ್ಲ. ನಮ್ಮ ಮೈಸೂರಿನಲ್ಲಿಯೇ ವಿಕ್ರಾಂತ್ ಎಂಬ ಹೆಸರಿನ ಟೈರು ಕಾರ್ಖಾನೆ ನಡೆದು, 1997ರಲ್ಲಿ ಜೆ.ಕೆ. ಸಂಸ್ಥೆಯ ಕೈಸೇರಿತು. ನಮ್ಮ ಸುತ್ತಿನ ಹಳ್ಳಿಗಳ ಅನೇಕರಿಗೆ ಆ ಹೆಸರು ಪರಿಚಿತವಾದದ್ದೇ.

ಟೈರು ನೋಡಲು ದಪ್ಪ ರಬ್ಬರಿನದಾದ್ದರಿಂದ ಆ ರಬ್ಬರೇ ಗಾಡಿಯನ್ನು ಹೊತ್ತಿದೆ ಎಂದು ತೋರುತ್ತದೆ. ಅದು ನಿಜವಲ್ಲ. ಭಾರವನ್ನು ಹೊರುವುದು ಒಳಗಿನ ಗಾಳಿ. ರಬ್ಬರೂ ಅದರೊಳಗಿನ ನೂಲು ಮತ್ತು ಉಕ್ಕಿನ ತಂತಿಗಳೂ ಆ ಗಾಳಿಯನ್ನು ಹಿಡಿದಿಡುವ ಚೀಲ ಮಾತ್ರ. ಗಾಳಿ ಹೋದ ಮೇಲೆ ಅದೇ ರಬ್ಬರು ನೆಲಕ್ಕೆ ಅಂಟಿಕೊಳ್ಳುವುದನ್ನು ನಾವೆಲ್ಲರೂ ಕಂಡಿದ್ದೇವೆ.

ಇದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಗಾಳಿಯ ಒತ್ತಡವನ್ನು ನಾವು ಪೌಂಡುಗಳಲ್ಲಿ ಅಳೆಯುತ್ತೇವೆ. 33 ಪೌಂಡು ಗಾಳಿ ಎಂದರೆ ಟೈರಿನ ಒಳಮೈಯ ಪ್ರತಿ ಚದರ ಅಂಗುಲವನ್ನೂ ಗಾಳಿಯು 33 ಪೌಂಡು ಬಲದಿಂದ ಒತ್ತುತ್ತಿದೆ ಎಂದರ್ಥ. ಜನರೂ ಸೇರಿ ಒಂದು ಸಣ್ಣ ಕಾರು 1,200 ಕಿಲೋ ತೂಗುವುದೆಂದು ಇಟ್ಟುಕೊಳ್ಳಿ. ಅದು ಸುಮಾರು 2,640 ಪೌಂಡು. ನಾಲ್ಕು ಟೈರುಗಳಿಗೆ ಹಂಚಿದರೆ ಒಂದೊಂದಕ್ಕೆ 660 ಪೌಂಡು. ಇದನ್ನು 33ರಿಂದ ಭಾಗಿಸಿದರೆ 20 ಬರುತ್ತದೆ. ಅಂದರೆ ಪ್ರತಿ ಟೈರೂ ನೆಲವನ್ನು ಮುಟ್ಟುವುದು ಸುಮಾರು 20 ಚದರ ಅಂಗುಲದಷ್ಟು ಜಾಗದಲ್ಲಿ, ಐದು ಅಂಗುಲ ಉದ್ದ ನಾಲ್ಕು ಅಂಗುಲ ಅಗಲ. ಒಬ್ಬ ಮನುಷ್ಯನ ಅಂಗೈಯಷ್ಟು. ಇಂಥ ನಾಲ್ಕು ಅಂಗೈಗಳ ಮೇಲೆ ನಮ್ಮ ಇಡೀ ಕುಟುಂಬ ಪ್ರಯಾಣ ಮಾಡುತ್ತದೆ. ಬ್ರೇಕು ಹಿಡಿಯುವುದೂ ತಿರುವಿನಲ್ಲಿ ಗಾಡಿ ಜಾರದಿರುವುದೂ ಆ ನಾಲ್ಕು ಅಂಗೈಗಳ ಹಿಡಿತದಿಂದಲೇ.

ಗಾಳಿಯು 33ರಿಂದ 22 ಪೌಂಡಿಗೆ ಇಳಿಯಿತೆನ್ನಿ. ಆಗ ಅದೇ ಭಾರವನ್ನು ಹೊರಲು 30 ಚದರ ಅಂಗುಲ ಬೇಕಾಗುತ್ತದೆ. ಟೈರು ಕೆಳಗೆ ಚಪ್ಪಟೆಯಾಗಿ, ಅದರ ಪಕ್ಕೆಗಳು ಹೊರಕ್ಕೆ ಉಬ್ಬುತ್ತವೆ. ಅಪಾಯವು ಪ್ರಾರಂಭವಾಗುವುದು ಇಲ್ಲಿ.

ಬೇಸಿಗೆಯಲ್ಲಿ ಗಾಳಿ ಕಡಿಮೆ ಮಾಡಬೇಕೇ?

"ಬೇಸಿಗೆಯಲ್ಲಿ ಗಾಳಿ ಉಬ್ಬಿ ಟೈರು ಒಡೆಯುತ್ತದೆ, ಆದ್ದರಿಂದ ನಾಲ್ಕೈದು ಪೌಂಡು ಕಡಿಮೆ ಹಿಡಿಸಬೇಕು" ಎಂಬ ಮಾತು ನಮ್ಮಲ್ಲಿ ಬಹಳವಾಗಿ ಪ್ರಚಾರದಲ್ಲಿದೆ. ಒಳ್ಳೆಯ ಉದ್ದೇಶದಿಂದಲೇ ಹೇಳುವ ಈ ಸಲಹೆಯು ಪ್ರಾಣಕ್ಕೆ ಅಪಾಯ ತರತಕ್ಕದ್ದು. ಇದರ ಕಾರಣವನ್ನು ಸ್ವಲ್ಪ ವಿಚಾರ ಮಾಡೋಣ.

ಬಿಸಿಯಾದರೆ ಗಾಳಿಯ ಒತ್ತಡ ಹೆಚ್ಚುವುದು ನಿಜ. ಆದರೆ ಎಷ್ಟು ಹೆಚ್ಚುತ್ತದೆ? ಉಷ್ಣತೆಯು 10 ಡಿಗ್ರಿ ಏರಿದರೆ ಕಾರಿನ ಟೈರಿನಲ್ಲಿ ಸುಮಾರು ಒಂದೂವರೆ ಪೌಂಡಿನಷ್ಟು ಏರುತ್ತದೆ. ದೂರ ಓಡಿ ಬಂದ ಟೈರಿನಲ್ಲಿ ಬೆಳಗಿನ ಅಳತೆಗಿಂತ ನಾಲ್ಕೈದು ಪೌಂಡು ಹೆಚ್ಚು ತೋರುವುದು ಸಹಜ. ಟೈರು ತಯಾರಿಸುವವರು ಈ ಏರಿಕೆಯನ್ನು ಮೊದಲೇ ಲೆಕ್ಕ ಹಾಕಿ ಅದನ್ನು ತಡೆಯುವಷ್ಟು ಬಲವನ್ನು ಇಟ್ಟಿರುತ್ತಾರೆ. ಒಳ್ಳೆಯ ಸ್ಥಿತಿಯಲ್ಲಿರುವ ಟೈರು ಇಷ್ಟಕ್ಕೆ ಒಡೆಯುವುದಿಲ್ಲ.

ಇನ್ನು ಗಾಳಿ ಕಡಿಮೆಯಾದರೆ ಏನಾಗುತ್ತದೆ? ಬೇಲಿಯ ತಂತಿಯನ್ನು ಮುರಿಯಬೇಕಾದರೆ ನಾವು ಅದನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತೇವೆ. ಹತ್ತು ಸಲ ಬಗ್ಗಿಸಿ ಬಗ್ಗಿದ ಕಡೆ ಬೆರಳಿಟ್ಟರೆ ಸುಡುತ್ತದೆ. ಇನ್ನೂ ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ. ಗಾಳಿ ಕಡಿಮೆಯಿರುವ ಟೈರಿನ ಪಕ್ಕೆಗೂ ಇದೇ ಗತಿ. ಚಕ್ರದ ಒಂದೊಂದು ಸುತ್ತಿಗೂ ಪಕ್ಕೆಯ ಪ್ರತಿ ಭಾಗವೂ ಒಮ್ಮೆ ಬಗ್ಗಿ ಒಮ್ಮೆ ನೆಟ್ಟಗಾಗುತ್ತದೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಸಣ್ಣ ಕಾರಿನ ಚಕ್ರವು ನಿಮಿಷಕ್ಕೆ ಐನೂರಕ್ಕಿಂತ ಹೆಚ್ಚು ಸುತ್ತು ತಿರುಗುತ್ತದೆ. ಅಂದರೆ ಒಂದು ನಿಮಿಷದಲ್ಲಿ ಐನೂರು ಸಲ ಬಗ್ಗುವಿಕೆ! ಗಾಳಿ ಸರಿಯಾಗಿದ್ದರೆ ಈ ಬಗ್ಗುವಿಕೆ ಅಲ್ಪ. ಗಾಳಿ ಕಡಿಮೆಯಾದರೆ ಬಗ್ಗುವಿಕೆ ಹೆಚ್ಚಿ, ಟೈರು ಒಳಗಿನಿಂದಲೇ ಕಾಯುತ್ತದೆ. ಕಾದು ಕಾದು ರಬ್ಬರಿಗೂ ನೂಲಿಗೂ ಇರುವ ಬೆಸುಗೆ ಬಿಡುತ್ತದೆ. ಕೊನೆಗೆ ಪಕ್ಕೆ ಸೀಳಿ ಟೈರು ಸಿಡಿಯುತ್ತದೆ.

ಆದ್ದರಿಂದ ಬೇಸಿಗೆಯಲ್ಲಿ ಟೈರು ಒಡೆಯಲು ಮುಖ್ಯ ಕಾರಣ ಹೆಚ್ಚಾದ ಗಾಳಿಯಲ್ಲ, ಕಡಿಮೆಯಾದ ಗಾಳಿ. ಅದರ ಜೊತೆಗೆ ಹೆಚ್ಚಿನ ಭಾರವೂ ವೇಗವೂ ಸೇರಿದರೆ ಅಪಾಯ ಮತ್ತಷ್ಟು ಹತ್ತಿರವಾಗುತ್ತದೆ. ಬೇಸಿಗೆಯೆಂದು ಗಾಳಿ ಬಿಡುವುದು, ಬಾಯಾರಿದ ಎತ್ತಿಗೆ ನೀರು ತಪ್ಪಿಸಿದಂತೆ. ಹಾಗೆಂದು ಹೇಳಿದ ಅಳತೆಯನ್ನು ಮೀರಿ ತುಂಬುವುದೂ ಸರಿಯಲ್ಲ. ಆಗ ಟೈರಿನ ನಡುಭಾಗ ಮಾತ್ರ ನೆಲ ಮುಟ್ಟಿ ಹಿಡಿತ ಕಡಿಮೆಯಾಗುತ್ತದೆ. ಹಳ್ಳಕ್ಕೆ ಬಿದ್ದಾಗ ಪೆಟ್ಟೂ ಜೋರಾಗಿ ತಗಲುತ್ತದೆ.

ಎಷ್ಟು ಗಾಳಿ, ಯಾವಾಗ ನೋಡಬೇಕು?

ಎಷ್ಟು ಗಾಳಿ ಬೇಕೆಂಬುದನ್ನು ಕಾರು ತಯಾರಿಸಿದವರೇ ಬರೆದಿರುತ್ತಾರೆ. ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನಲ್ಲಿ ಒಂದು ಚೀಟಿ ಅಂಟಿಸಿರುತ್ತದೆ. ಅಲ್ಲಿ ಇಲ್ಲದಿದ್ದರೆ ಪೆಟ್ರೋಲು ಮುಚ್ಚಳದ ಒಳಬದಿಯಲ್ಲಿ ಅಥವಾ ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ನೋಡಬಹುದು. ಅನೇಕ ಗಾಡಿಗಳಿಗೆ ಎರಡು ಅಳತೆಗಳಿರುತ್ತವೆ. ಒಂದು ಇಬ್ಬರು ಮೂವರು ಕುಳಿತಾಗ, ಇನ್ನೊಂದು ತುಂಬಿದ ಗಾಡಿಗೆ. ಬೆಟ್ಟಕ್ಕೋ ಮದುವೆಗೋ ಮನೆಮಂದಿಯೆಲ್ಲ ಹೊರಡುವ ದಿನ ಎರಡನೆಯ ಅಳತೆಯನ್ನೇ ಅನುಸರಿಸಬೇಕು. ಟೈರಿನ ಪಕ್ಕೆಯ ಮೇಲೆ ಅಚ್ಚಾದ ಒತ್ತಡದ ಅಂಕಿಯು ಆ ಟೈರು ತಡೆಯುವ ಮೇಲ್ಮಿತಿ. ಅದು ನಾವು ತುಂಬಬೇಕಾದ ಅಳತೆಯಲ್ಲ.

ಗಾಳಿಯನ್ನು ಅಳೆಯಬೇಕಾದದ್ದು ಟೈರು ತಣ್ಣಗಿರುವಾಗ. ಗಾಡಿ ನಿಂತು ಮೂರು ಗಂಟೆಯಾದರೂ ಆಗಿರಬೇಕು, ಇಲ್ಲವೇ ಒಂದೆರಡು ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು. ಹಾಲು ಹಾಕಿ ಬರುವ ಬೆಳಗಿನ ಹೊತ್ತು ಇದಕ್ಕೆ ಬಹಳ ಅನುಕೂಲ. ನಂಜನಗೂಡಿನಿಂದ ಬಿಸಿಲಿನಲ್ಲಿ ಓಡಿ ಬಂದು ಅಳೆದು, ಹೆಚ್ಚು ತೋರಿಸಿತೆಂದು ಗಾಳಿ ಬಿಡಕೂಡದು. ಬಿಟ್ಟರೆ ಮರುದಿನ ಬೆಳಿಗ್ಗೆ ಅದು ಕಡಿಮೆಯಾಗಿರುತ್ತದೆ.

ಗಾಡಿ ಓಡದೆ ನಿಂತಿದ್ದರೂ ಗಾಳಿ ಇಳಿಯುತ್ತದೆ. ಯಾವ ತೂತೂ ಇಲ್ಲದ ಒಳ್ಳೆಯ ಟೈರಿನಿಂದಲೂ ತಿಂಗಳಿಗೆ ಸುಮಾರು ಒಂದು ಪೌಂಡು ಗಾಳಿ ಸೋರಿಹೋಗುತ್ತದೆ. ಮೂರು ನಾಲ್ಕು ತಿಂಗಳು ಮುಟ್ಟದ ಕಾರನ್ನು ಹಾಗೆಯೇ ದೂರದ ಪ್ರಯಾಣಕ್ಕೆ ತೆಗೆಯಬಾರದು. ಈಗಿನ ಟೈರುಗಳ ಪಕ್ಕೆ ಸ್ವಭಾವತಃ ಸ್ವಲ್ಪ ಉಬ್ಬಿರುವುದರಿಂದ ಕಣ್ಣಳತೆಯಿಂದ ಅಥವಾ ಕಾಲಿನಿಂದ ಒದ್ದು ಗಾಳಿಯನ್ನು ತಿಳಿಯಲಾಗದು. ಅಳೆಯುವ ಗೇಜು ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತದೆ. ಅದನ್ನು ಮನೆಯಲ್ಲಿಟ್ಟುಕೊಂಡು ಹದಿನೈದು ದಿನಕ್ಕೊಮ್ಮೆಯೂ ಪ್ರತಿ ದೂರ ಪ್ರಯಾಣದ ಮುನ್ನವೂ ನೋಡಬೇಕು. ಡಿಕ್ಕಿಯಲ್ಲಿರುವ ಹೆಚ್ಚುವರಿ ಟೈರನ್ನು, ಅಂದರೆ ಸ್ಟೆಪ್ನಿಯನ್ನು, ಮರೆಯಬಾರದು. ಅದಕ್ಕೆ ಗಾಳಿಯಿಲ್ಲವೆಂಬುದು ತಿಳಿಯುವುದು ಸಾಮಾನ್ಯವಾಗಿ ರಾತ್ರಿ ಹೊತ್ತು, ಊರಿಲ್ಲದ ಜಾಗದಲ್ಲಿ.

ಗಾಳಿ ತುಂಬಿದ ಮೇಲೆ ವಾಲ್ವಿನ ಬಾಯಿಗೆ ಸೋಪಿನ ನೀರು ಹಚ್ಚಿ ನೋಡಿ. ಗುಳ್ಳೆ ಎದ್ದರೆ ಅಲ್ಲಿ ಸೋರಿಕೆಯಿದೆ. ವಾಲ್ವಿಗೆ ಮುಚ್ಚಳ ಹಾಕುವುದನ್ನು ಮರೆಯಬೇಡಿ. ನಮ್ಮ ದೂಳು ಮತ್ತು ಕೆಸರು ಒಳಗೆ ಸೇರದಂತೆ ಅದು ಕಾಯುತ್ತದೆ. ನೈಟ್ರೋಜನ್ ಗಾಳಿಯೇ ಬೇಕೆಂಬ ಕಡ್ಡಾಯವೂ ಇಲ್ಲ. ನಾವು ಉಸಿರಾಡುವ ಗಾಳಿಯಲ್ಲಿಯೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ. ಸರಿಯಾದ ಅಳತೆಯ ಸಾಧಾರಣ ಗಾಳಿಯು ಸಾಕು.

ಸವೆತವು ಹೇಳುವ ಸಂಗತಿ

ಸವೆದ ಲಾಳವನ್ನು ನೋಡಿ ಎತ್ತು ಹೇಗೆ ನಡೆಯುತ್ತದೆಂದು ಬಲ್ಲವರು ಹೇಳುತ್ತಾರೆ. ಅದೇ ರೀತಿ ಟೈರಿನ ಸವೆತವನ್ನು ನೋಡಿ ಗಾಡಿಯ ಸ್ಥಿತಿಯನ್ನು ತಿಳಿಯಬಹುದು.

1. ಎರಡು ಅಂಚುಗಳೂ ಸವೆದು ನಡುವೆ ಚೆನ್ನಾಗಿದ್ದರೆ ಗಾಳಿ ಕಡಿಮೆಯಿಟ್ಟು ಓಡಿಸಲಾಗಿದೆ.

2. ನಡುವೆ ಸವೆದು ಅಂಚುಗಳು ಚೆನ್ನಾಗಿದ್ದರೆ ಗಾಳಿ ಹೆಚ್ಚಾಗಿದೆ.

3. ಒಂದೇ ಅಂಚು ಸವೆದಿದ್ದರೆ ಚಕ್ರಗಳು ನೆಟ್ಟಗಿಲ್ಲ. ಅಲೈನ್‌ಮೆಂಟ್ ಮಾಡಿಸಬೇಕು. ಸ್ಟೀರಿಂಗ್ ಒಂದು ಕಡೆಗೆ ಎಳೆಯುವುದೂ ಇದರದೇ ಗುರುತಾಗಿರಬಹುದು.

4. ಅಲ್ಲಲ್ಲಿ ತೇಪೆಯಂತೆ ಸವೆದಿದ್ದರೆ ಚಕ್ರದ ತೂಕ ಸಮವಾಗಿಲ್ಲ, ಇಲ್ಲವೇ ಸಸ್ಪೆನ್ಷನ್ನಿನ ಭಾಗಗಳು ಸಡಿಲವಾಗಿವೆ.

ಟೈರಿನ ಮೇಲಿನ ಗೀರುಗಳು ಅಲಂಕಾರಕ್ಕಾಗಿ ಇರುವುದಲ್ಲ. ಗದ್ದೆಯ ನೀರನ್ನು ಬಸಿಗಾಲುವೆ ಹೊರಗೆ ಹಾಕುವಂತೆ, ಮಳೆಯಲ್ಲಿ ಟೈರಿಗೂ ರಸ್ತೆಗೂ ನಡುವೆ ಸೇರುವ ನೀರನ್ನು ಆ ಗೀರುಗಳು ಹೊರಗೆ ತಳ್ಳುತ್ತವೆ. ಗೀರು ಸವೆದ ಟೈರು ವೇಗದಲ್ಲಿ ನೀರಿನ ಪದರದ ಮೇಲೆ ತೇಲಲು ತೊಡಗುತ್ತದೆ. ಆಗ ಬ್ರೇಕಾಗಲಿ ಸ್ಟೀರಿಂಗಾಗಲಿ ಕೆಲಸ ಮಾಡುವುದಿಲ್ಲ. ಒಣ ರಸ್ತೆಯಲ್ಲಿ ಚೆನ್ನಾಗಿ ಓಡಿದ ಬೋಳು ಟೈರು ಮೊದಲ ಮುಂಗಾರು ಮಳೆಯ ದಿನವೇ ಮೋಸ ಮಾಡುವುದು ಈ ಕಾರಣದಿಂದ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ಟೈರಿನ ಗೀರು 1.6 ಮಿಲಿಮೀಟರಿಗಿಂತ ಕಡಿಮೆ ಆಳವಾಗಿರಕೂಡದು. ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಿಗೆ ಈ ಮಿತಿ 0.8 ಮಿಲಿಮೀಟರು. ಇದನ್ನು ಅಳೆಯಲು ಸಲಕರಣೆ ಬೇಕಿಲ್ಲ. ಗೀರಿನ ತಳದಲ್ಲಿ ಅಲ್ಲಲ್ಲಿ ಸಣ್ಣ ರಬ್ಬರು ದಿಣ್ಣೆಗಳನ್ನು ತಯಾರಕರೇ ಇಟ್ಟಿರುತ್ತಾರೆ. ಹೊರಮೈ ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂತೆಂದರೆ ಟೈರಿನ ಆಯುಷ್ಯ ಮುಗಿಯಿತು. ಮನೆಯ ಬೆಂಕಿಕಡ್ಡಿಯೂ ಉಪಯೋಗಕ್ಕೆ ಬರುತ್ತದೆ. ಕಡ್ಡಿಯ ದಪ್ಪ ಸುಮಾರು 2 ಮಿಲಿಮೀಟರು. ಗೀರಿನಲ್ಲಿ ಅಡ್ಡಲಾಗಿ ಮಲಗಿಸಿದ ಕಡ್ಡಿ ಮೇಲಕ್ಕೆ ಎದ್ದು ಕಂಡರೆ ಹೊಸ ಟೈರಿನ ಹಣವನ್ನು ಕೂಡಿಡಬೇಕಾದ ಕಾಲ ಬಂದಿದೆ.

ಓಡದ ಟೈರಿಗೂ ವಯಸ್ಸಾಗುತ್ತದೆ

"ನಮ್ಮ ಕಾರು ಹೆಚ್ಚು ಓಡಿಲ್ಲ, ಟೈರು ಹೊಸದರಂತೆಯೇ ಇದೆ" ಎಂದು ಕೆಲವರು ಹೆಮ್ಮೆಪಡುತ್ತಾರೆ. ಗೀರು ಆಳವಾಗಿದ್ದ ಮಾತ್ರಕ್ಕೆ ಟೈರು ಗಟ್ಟಿ ಎನ್ನಲಾಗದು. ಬಿಸಿಲು ಮತ್ತು ಗಾಳಿಯ ಸಂಪರ್ಕದಿಂದ ರಬ್ಬರು ವರ್ಷೇ ವರ್ಷೇ ಗಡುಸಾಗಿ ಬಿರುಕು ಬಿಡುತ್ತದೆ. ವರ್ಷಗಟ್ಟಲೆ ಅಟ್ಟದ ಮೇಲೆ ಇಟ್ಟ ಚರ್ಮದ ಹಗ್ಗ ನೋಡಲು ದಪ್ಪವಾಗಿದ್ದರೂ ಎಳೆದರೆ ತುಂಡಾಗುವಂತೆ ಇದೂ.

ಟೈರಿನ ಹುಟ್ಟಿದ ದಿನವನ್ನು ಅದರ ಪಕ್ಕೆಯ ಮೇಲೆಯೇ ಓದಬಹುದು. ಅಲ್ಲಿ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿಗಳು ಇರುತ್ತವೆ. ಮೊದಲ ಎರಡು ಅಂಕಿ ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. 2319 ಎಂದಿದ್ದರೆ ಅದು 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಐದು ವರ್ಷ ಕಳೆದ ಟೈರನ್ನು ಪ್ರತಿ ವರ್ಷವೂ ಬಲ್ಲವರಿಗೆ ತೋರಿಸಬೇಕು. ಹತ್ತು ವರ್ಷವಾದದ್ದನ್ನು, ಸ್ಟೆಪ್ನಿಯಾದರೂ ಸರಿ, ಉಪಯೋಗಿಸಲೇಬಾರದು. ಪಕ್ಕೆಯಲ್ಲಿ ಬಿರುಕು, ಗುಳ್ಳೆಯಂತಹ ಉಬ್ಬು, ಹೊರಗೆ ಕಾಣುವ ನೂಲು ಇವುಗಳಲ್ಲಿ ಒಂದು ಇದ್ದರೂ ವಯಸ್ಸನ್ನು ಎಣಿಸದೆ ತೆಗೆದುಹಾಕಬೇಕು. ಹಳೆಯ ಕಾರನ್ನು ಕೊಳ್ಳುವವರು ಬಣ್ಣವನ್ನೂ ಎಂಜಿನಿನ ಸದ್ದನ್ನೂ ನೋಡುವಾಗ ಐದು ಟೈರುಗಳ ಈ ಅಂಕಿಗಳನ್ನೂ ಓದಿಯೇ ಬೆಲೆ ಕಟ್ಟುವುದು ಜಾಣತನ. ನಾಲ್ಕು ಹೊಸ ಟೈರು ಎಂದರೆ ಸಣ್ಣ ಕಾರಿಗೂ ಹತ್ತಿಪ್ಪತ್ತು ಸಾವಿರ ರೂಪಾಯಿಗಳ ಮಾತು.

ಕಾರನ್ನು ನೆರಳಿನಲ್ಲಿ ನಿಲ್ಲಿಸಿ. ತಿಂಗಳಿಗೊಮ್ಮೆಯಾದರೂ ಸ್ವಲ್ಪ ಓಡಿಸಿ. ಒಂದೇ ಭಾಗದ ಮೇಲೆ ಭಾರ ಬಿದ್ದು ಟೈರು ಚಪ್ಪಟೆಯಾಗುವುದು ಇದರಿಂದ ತಪ್ಪುತ್ತದೆ. ಡೀಸೆಲ್, ಸೀಮೆಎಣ್ಣೆ, ಎಂಜಿನ್ ಎಣ್ಣೆ ಇವು ರಬ್ಬರಿನ ಶತ್ರುಗಳು. ಪಂಪ್‌ಸೆಟ್ಟಿನ ಎಣ್ಣೆ ಚೆಲ್ಲಿದ ಜಾಗದಲ್ಲಿ ಕಾರನ್ನು ನಿಲ್ಲಿಸಬೇಡಿ. ತಗುಲಿದರೆ ಸೋಪಿನ ನೀರಿನಿಂದ ತೊಳೆಯಿರಿ.

ನಮ್ಮ ದಾರಿಯ ಅಪಾಯಗಳು

ಮೈಸೂರಿನಿಂದ ತಿ. ನರಸೀಪುರದ ಮೇಲೆ ಕೊಳ್ಳೇಗಾಲಕ್ಕೂ, ನಂಜನಗೂಡಿನ ಮೇಲೆ ಗುಂಡ್ಲುಪೇಟೆಗೂ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ವೇಗ ಸಹಜವಾಗಿಯೇ ಹೆಚ್ಚುತ್ತದೆ. ಹೊಲದ ದಾರಿಯಲ್ಲಿ ಟೈರಿಗೆ ಆದ ಗಾಯವು ಹೆದ್ದಾರಿಯ ವೇಗದಲ್ಲಿ ಬಾಯಿ ಬಿಡುತ್ತದೆ. ಆದ್ದರಿಂದ ಹೊಲದಿಂದ ಬಂದ ಮೇಲೆ ಒಮ್ಮೆ ಟೈರುಗಳನ್ನು ಸುತ್ತಿ ನೋಡುವುದು ಒಳ್ಳೆಯದು.

ಕೊಯ್ದ ಕಬ್ಬಿನ ಕೂಳೆಯು ಚೂಪಾಗಿ ಪಕ್ಕೆಯನ್ನು ಸೀಳಬಲ್ಲದು. ಜಾಲಿ ಮುಳ್ಳು ಮುರಿದು ಒಳಗೆ ಉಳಿದು ದಿನಕ್ಕಿಷ್ಟೆಂದು ಗಾಳಿ ಬಿಡುತ್ತದೆ. ಗೀರುಗಳಲ್ಲಿ ಸಿಕ್ಕಿದ ಜಲ್ಲಿಕಲ್ಲನ್ನು ಕಡ್ಡಿಯಿಂದ ತೆಗೆದುಹಾಕಬೇಕು. ರಸ್ತೆಯ ಉಬ್ಬುಗಳನ್ನೂ ಗುಂಡಿಗಳನ್ನೂ ವೇಗದಿಂದ ಹತ್ತಿಸಿದರೆ ಟೈರಿನ ಒಳಗಿನ ನೂಲು ಹರಿದು ಮರುದಿನ ಪಕ್ಕೆಯಲ್ಲಿ ಉಬ್ಬು ಕಾಣಿಸುತ್ತದೆ. ಆ ಉಬ್ಬನ್ನು ಯಾವ ಅಂಗಡಿಯಲ್ಲಿಯೂ ಸರಿಮಾಡಲಾಗದು.

ಸುಗ್ಗಿಯಲ್ಲಿ ರಾಗಿ, ಹುರುಳಿಗಳನ್ನು ರಸ್ತೆಯ ಮೇಲೆ ಹರಡಿ ಒಕ್ಕಣೆ ಮಾಡುವುದನ್ನು ನಾವು ಬಿಡಬೇಕು. ಹುಲ್ಲಿನ ಮೇಲೆ ಟೈರಿಗೆ ಹಿಡಿತವೇ ಇರುವುದಿಲ್ಲ. ದ್ವಿಚಕ್ರದವರು ಜಾರಿ ಬೀಳುತ್ತಾರೆ. ಹುರುಳಿಯ ಹಂಬು ಚಕ್ರಕ್ಕೆ ಸುತ್ತಿಕೊಂಡು ಕಾದ ಭಾಗಗಳಿಗೆ ತಗುಲಿದರೆ ಗಾಡಿಗೆ ಬೆಂಕಿ ಹೊತ್ತಿಕೊಳ್ಳಲೂ ಸಾಧ್ಯ. ಒಕ್ಕಣೆಗೆ ಕಣವೇ ಸರಿಯಾದ ಸ್ಥಳ.

ಪಂಕ್ಚರು, ಅದಲು ಬದಲು, ಹೊಸ ಟೈರು

ನೆಲ ಮುಟ್ಟುವ ಭಾಗದಲ್ಲಿ ಆದ ಸಣ್ಣ ತೂತನ್ನು ಮಾತ್ರ ಸರಿಮಾಡಿಸಬಹುದು. ಪಕ್ಕೆಯಲ್ಲಿ ತೂತಾದರೆ ತೇಪೆ ಹಾಕಿಸಿ ಓಡಿಸುವುದು ಅಪಾಯ. ಏಕೆಂದರೆ ಹೆಚ್ಚು ಬಗ್ಗುವ ಭಾಗವೇ ಅದು. ಟ್ಯೂಬಿಲ್ಲದ ಟೈರಿಗೆ ಹೊರಗಿನಿಂದ ಬತ್ತಿ ತುರುಕಿಸುವುದು ತಾತ್ಕಾಲಿಕ ಉಪಾಯ. ಊರಿಗೆ ಬಂದ ಮೇಲೆ ಟೈರನ್ನು ಬಿಚ್ಚಿಸಿ ಒಳಗಿನಿಂದ ತೇಪೆ ಹಾಕಿಸುವುದು ಉತ್ತಮ. ಗಾಳಿ ಪೂರ್ತಿ ಹೋದ ಟೈರಿನ ಮೇಲೆ "ಮುಂದಿನ ಊರಿನವರೆಗೆ" ಎಂದು ಓಡಿಸಿದರೆ ಸರಿಹೋಗಬಹುದಾಗಿದ್ದ ಟೈರೂ ಹಾಳಾಗುತ್ತದೆ.

ಮುಂದಿನ ಟೈರುಗಳು ಬೇಗ ಸವೆಯುವುದು ಅನೇಕ ಕಾರುಗಳ ಸ್ವಭಾವ. ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಮುಂದಿನವನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿಸಿದರೆ ಸವೆತ ಸಮವಾಗಿ ನಾಲ್ಕೂ ಹೆಚ್ಚು ಕಾಲ ಬಾಳುತ್ತವೆ. ಹೊಲದಲ್ಲಿ ಬೆಳೆ ಬದಲಾಯಿಸಿದಂತೆ ಇದೂ ಲಾಭದಾಯಕ. ಎರಡೇ ಹೊಸ ಟೈರು ಕೊಳ್ಳುವ ಶಕ್ತಿಯಿದ್ದಾಗ ಅವನ್ನು ಹಿಂದಿನ ಚಕ್ರಗಳಿಗೆ ಹಾಕಿಸಬೇಕು. ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರಿದರೆ ಗಾಡಿ ಗಿರಕಿ ಹೊಡೆಯುತ್ತದೆ, ಅದನ್ನು ಹಿಡಿಯುವುದು ಕಷ್ಟ.

ಬೋಳಾದ ಟೈರಿನಲ್ಲಿ ಹೊಸದಾಗಿ ಗೀರು ಕೊರೆದು, ಕಪ್ಪು ಬಣ್ಣ ಬಳಿದು ಮಾರುವವರೂ ಇದ್ದಾರೆ. ಗೀರು ಕೊರೆದಷ್ಟೂ ಒಳಗಿನ ನೂಲಿನ ಮೇಲಿನ ರಬ್ಬರು ತೆಳ್ಳಗಾಗಿರುತ್ತದೆ. ಕಡಿಮೆ ಬೆಲೆಗೆ ಮಾರುಹೋಗದೆ ತಯಾರಾದ ವಾರ ಮತ್ತು ವರ್ಷದ ಅಂಕಿಯನ್ನು ಓದಿ, ರಸೀದಿ ಪಡೆದು ಕೊಳ್ಳಿ.

ಓಡುವಾಗ ಟೈರು ಒಡೆದರೆ

ಎಷ್ಟು ಎಚ್ಚರವಿದ್ದರೂ ಒಮ್ಮೊಮ್ಮೆ ಟೈರು ಒಡೆಯಬಹುದು. ಆಗ ಗಾಬರಿಯಿಂದ ಬ್ರೇಕನ್ನು ಒತ್ತಿ ಹಿಡಿಯುವುದೇ ಹೆಚ್ಚಿನ ಅನಾಹುತಕ್ಕೆ ಕಾರಣ. ಸ್ಟೀರಿಂಗನ್ನು ಎರಡು ಕೈಗಳಿಂದ ಬಿಗಿಯಾಗಿ ನೆಟ್ಟಗೆ ಹಿಡಿಯಿರಿ. ಆಕ್ಸಿಲರೇಟರಿನಿಂದ ಕಾಲನ್ನು ನಿಧಾನವಾಗಿ ತೆಗೆಯಿರಿ. ವೇಗ ತಾನಾಗಿ ಇಳಿದ ಮೇಲೆ ಮೆಲ್ಲಗೆ ಬ್ರೇಕು ಹಾಕಿ ಎಡಕ್ಕೆ ಸರಿದು ನಿಲ್ಲಿ. ಎಚ್ಚರಿಕೆಯ ದೀಪಗಳನ್ನು ಹಾಕಿ. ಹೆಂಗಸರು ಮಕ್ಕಳನ್ನು ರಸ್ತೆಯಿಂದ ದೂರ ನಿಲ್ಲಿಸಿ.

ಚಕ್ರ ಬದಲಾಯಿಸಲು ಗಟ್ಟಿಯಾದ ಸಮತಟ್ಟು ನೆಲ ಬೇಕು. ಹ್ಯಾಂಡ್‌ಬ್ರೇಕು ಎಳೆದು, ಉಳಿದ ಚಕ್ರಗಳಿಗೆ ಕಲ್ಲು ಒತ್ತಿಡಿ. ಜಾಕು ಏರಿಸುವ ಮೊದಲೇ ನಟ್ಟುಗಳನ್ನು ಸ್ವಲ್ಪ ಸಡಿಲಿಸಿಕೊಳ್ಳಿ. ಜಾಕಿನ ಮೇಲಿರುವ ಕಾರಿನ ಕೆಳಗೆ ಕೈಯನ್ನಾಗಲಿ ತಲೆಯನ್ನಾಗಲಿ ತೂರಿಸಕೂಡದು. ನಟ್ಟುಗಳನ್ನು ಎದುರುಬದುರಾಗಿ ಬಿಗಿಮಾಡಿ. ಸ್ವಲ್ಪ ದೂರ ಓಡಿದ ಮೇಲೆ ಮತ್ತೊಮ್ಮೆ ಬಿಗಿಯಾಗಿವೆಯೇ ಎಂದು ನೋಡಿ.

ಟ್ರ್ಯಾಕ್ಟರು ಮತ್ತು ದ್ವಿಚಕ್ರದವರಿಗೆ

ಟ್ರ್ಯಾಕ್ಟರಿನ ಹಿಂದಿನ ದೊಡ್ಡ ಟೈರುಗಳಿಗೆ ಉಳುಮೆಯಲ್ಲಿ ಕಡಿಮೆ ಗಾಳಿ, ರಸ್ತೆಯಲ್ಲಿ ಭಾರ ಎಳೆಯುವಾಗ ಹೆಚ್ಚು ಗಾಳಿ ಬೇಕು. ಹೊಲದ ಅಳತೆಯಲ್ಲಿಯೇ ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ತುಂಬಿಕೊಂಡು ಹೊರಟರೆ ಟೈರು ಬೇಗ ಸವೆಯುತ್ತದೆ. ಪುಸ್ತಕದಲ್ಲಿ ಕೊಟ್ಟ ಎರಡೂ ಅಳತೆಗಳನ್ನು ಮಡ್‌ಗಾರ್ಡಿನ ಮೇಲೆ ಬರೆದಿಟ್ಟುಕೊಳ್ಳುವುದು ಅನುಕೂಲ. ಟ್ರೈಲರಿನ ಟೈರುಗಳು ಹೆಚ್ಚು ಭಾರ ಹೊತ್ತರೂ ಅವನ್ನು ನೋಡುವವರು ಕಡಿಮೆ. ಬೇರೆ ಗಾಡಿಗಳಿಗೆ ಬೇಡವಾದ ಟೈರುಗಳು ಟ್ರೈಲರಿಗೆ ಬರುತ್ತವೆ. ಕಬ್ಬು ತುಂಬಿದ ಟ್ರೈಲರಿನ ಒಂದು ಟೈರು ಒಡೆದು ಅದು ವಾಲಿದರೆ ಪಕ್ಕದಲ್ಲಿ ಹೋಗುವವನಿಗೆ ತಪ್ಪಿಸಿಕೊಳ್ಳಲು ಸಮಯವಿರುವುದಿಲ್ಲ. ಇದೇ ಕಾರಣದಿಂದ ಟ್ರೈಲರಿನಲ್ಲಿ ಜನರನ್ನು ಕೂರಿಸಿ ಜಾತ್ರೆಗಾಗಲಿ ಕೂಲಿಗಾಗಲಿ ಕರೆದೊಯ್ಯಕೂಡದು.

ದ್ವಿಚಕ್ರ ವಾಹನಕ್ಕೆ ಇರುವುದು ಎರಡೇ ಟೈರು. ಒಂದು ಕೈಕೊಟ್ಟರೆ ಸವಾರ ನೆಲಕ್ಕೆ. ಹಿಂದೆ ಹುಲ್ಲಿನ ಹೊರೆಯನ್ನೋ ಹಾಲಿನ ಕ್ಯಾನುಗಳನ್ನೋ ಹೊರುವವರು ಹಿಂದಿನ ಟೈರಿನ ಗಾಳಿಯನ್ನು ವಾರಕ್ಕೊಮ್ಮೆ ನೋಡಬೇಕು.

ಹಳೆಯ ಟೈರನ್ನು ಏನು ಮಾಡಬೇಕು?

ಮನೆಯ ಹಿತ್ತಲಿಗೆ ಎಸೆದ ಹಳೆಯ ಟೈರಿನಲ್ಲಿ ಮಳೆನೀರು ನಿಲ್ಲುತ್ತದೆ. ಡೆಂಗಿ ಮತ್ತು ಚಿಕೂನ್‌ಗುನ್ಯ ಜ್ವರವನ್ನು ಹರಡುವ ಸೊಳ್ಳೆಯು ಇಂಥ ನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಟೈರನ್ನು ಸೂರಿನ ಕೆಳಗೆ ಒಣಗಿದ ಜಾಗದಲ್ಲಿಡಿ, ಇಲ್ಲವೇ ಟೈರು ಅಂಗಡಿಗೆ ಹಿಂತಿರುಗಿಸಿ. ಚಳಿಗೆ ಬೆಂಕಿ ಕಾಯಿಸಲಾಗಲಿ ಆಲೆಮನೆಯ ಒಲೆಗಾಗಲಿ ಟೈರನ್ನು ಸುಡಬೇಡಿ. ಅದರ ಹೊಗೆ ವಿಷಕರ.

ಊರಿನಲ್ಲಿ ಕೂಡಿ ಮಾಡಬಹುದಾದದ್ದು

ಗೇಜು ಒಂದು, ಕಾಲಿನಿಂದ ಒತ್ತುವ ಗಾಳಿ ಪಂಪು ಒಂದು, ಈ ಎರಡನ್ನು ಊರಿನ ಹಾಲು ಉತ್ಪಾದಕರ ಸಂಘವೋ ಯುವಕ ಸಂಘವೋ ಕೊಂಡಿಟ್ಟರೆ ಇಡೀ ಊರಿಗೆ ಉಪಯೋಗವಾದೀತು. ಬೆಳಿಗ್ಗೆ ಹಾಲು ಹಾಕಲು ಬರುವ ಪ್ರತಿಯೊಬ್ಬನೂ ವಾರಕ್ಕೊಂದು ದಿನ ತನ್ನ ಗಾಡಿಯ ಗಾಳಿಯನ್ನು ಅಳೆದುಕೊಳ್ಳಬಹುದು. ಓದಬಲ್ಲ ಮಕ್ಕಳಿಗೆ ಟೈರಿನ ಮೇಲಿನ ಅಂಕಿಗಳನ್ನು ಓದುವ ಕೆಲಸ ಕೊಟ್ಟರೆ ಅವರು ಅದನ್ನು ಆಟದಂತೆ ಮಾಡುತ್ತಾರೆ, ಮನೆಯವರಿಗೆ ಕಲಿಸುತ್ತಾರೆ.

ಇಷ್ಟನ್ನೂ ನೆನಪಿಡುವುದು ಕಷ್ಟವೆನಿಸಿದರೆ ಮೂರನ್ನು ಮಾತ್ರ ಮರೆಯದಿರಿ. ತಣ್ಣನೆಯ ಬೆಳಗಿನಲ್ಲಿ ಬಾಗಿಲ ಚೀಟಿಯ ಅಳತೆಯಷ್ಟು ಗಾಳಿ. ಗೀರಿನಲ್ಲಿ ಬೆಂಕಿಕಡ್ಡಿ ಮುಳುಗುವಷ್ಟು ಆಳ. ಪಕ್ಕೆಯ ಮೇಲಿನ ನಾಲ್ಕು ಅಂಕಿಗಳಲ್ಲಿ ಹತ್ತು ವರ್ಷಕ್ಕಿಂತ ಕಡಿಮೆ ವಯಸ್ಸು. ಐದು ಟೈರುಗಳಿಗೆ ಇವನ್ನು ನೋಡಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷವನ್ನು ಹೊರಡುವ ಮುನ್ನ ಮನೆಯಂಗಳದಲ್ಲಿಯೇ ಕೊಟ್ಟರೆ, ಹೊರಟವರೆಲ್ಲರೂ ಸುಖವಾಗಿ ಅದೇ ಅಂಗಳಕ್ಕೆ ಹಿಂತಿರುಗುತ್ತಾರೆ.